ಐದು ರೂಪಾಯಿ ನಾಣ್ಯ, ಇಪ್ಪತ್ತು ಲೀಟರ್ ಕ್ಯಾನ್

ಹೋದ ಕ್ರಿಸ್‌ಮಸ್‌ಗೆ ನಮ್ಮ ಚರ್ಚ್ ಸಭೆಯವರೆಲ್ಲ ಸೇರಿ ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರ ಕಂಬಳಿ ಹಂಚಿದೆವು. ಫೋಟೋ ತೆಗೆದವನು ನಾನು. ವಾಟ್ಸಾಪ್ ಗ್ರೂಪಿಗೆ ಹಾಕಿದವನೂ ನಾನೇ. ಕೈ ಮುಗಿಯೋ ಚಿತ್ರಗಳು ರಾತ್ರಿ ಹತ್ತರ ತನಕ ಬರ್ತಾನೇ ಇದ್ದವು, ನಾನು ಎಣಿಸ್ತಾನೂ ಇದ್ದೆ.

ಅದೇ ವಾರ ಒಂದು ಬೆಳಗ್ಗೆ ಶುದ್ಧ ನೀರಿನ ಘಟಕದ ಸಾಲಿನಲ್ಲಿ ನಿಂತಿದ್ದೆ. ನಮ್ಮ ಕಡೆ ಬೋರ್ ನೀರು ಸಾವಿರ ಅಡಿ ಕೆಳಗಿಂದ ಬರುತ್ತದೆ, ಜೊತೆಗೆ ಫ್ಲೋರೈಡ್ ತರುತ್ತದೆ. ವರ್ಷಗಟ್ಟಲೆ ಅದನ್ನೇ ಕುಡಿದರೆ ಹಲ್ಲು ಕಂದು, ಮಂಡಿ ನೋವು. ಹಾಗಾಗಿ ಬಡವ ಬಲ್ಲಿದ ಎಲ್ಲರೂ ಅದೇ ಸಾಲಿನಲ್ಲಿ. ನನ್ನ ಮುಂದೆ ಪಕ್ಕದ ಮನೆ ಅಜ್ಜಿ. ಐದು ರೂಪಾಯಿ ನಾಣ್ಯ ಹಾಕಿದರು, ಮಿಷನ್ ಉಗುಳಿತು. ಸೆರಗಲ್ಲಿ ಒರೆಸಿ ಮತ್ತೆ ಹಾಕಿದರು. ಇಪ್ಪತ್ತು ಲೀಟರ್ ಬರುತ್ತದೆ, ಆದರೆ ಅವರಿಗೆ ಎತ್ತೋಕೆ ಆಗೋದು ಅದರ ಅರ್ಧ. ಕ್ಯಾನ್ ಅರ್ಧ ತುಂಬುತ್ತಿದ್ದ ಹಾಗೆ ಪಕ್ಕಕ್ಕೆ ಎಳೆದು, ಹಿಂದೆ ಯಾರಿದ್ದಾರೆ ಅಂತ ತಿರುಗಿಯೂ ನೋಡದೆ "ಇಡು ಇಡು, ನೀರು ಹೋಗ್ತಿದೆ" ಅಂದರು. ನನ್ನ ಕ್ಯಾನ್ ಇಟ್ಟೆ. ಎಷ್ಟೋ ದಿನದಿಂದ ಹೀಗೇ ಅವರ ದುಡ್ಡಿನ ನೀರು ಯಾರ್ ಯಾರ ಮನೆಗೋ ಹೋಗ್ತಿದೆ.

ಹೇಳಲೇಬೇಕಾದ ಮಾತು ಒಂದಿದೆ. ಆಗ ಎರಡು ವರ್ಷದಿಂದ ನಮಗೂ ಅವರ ಮನೆಗೂ ಮಾತಿರಲಿಲ್ಲ. ಮೋರಿ ನೀರು ನಮ್ಮ ಗೇಟಿನ ಮುಂದೆ ನಿಲ್ಲುತ್ತದೆ ಅಂತ ಶುರುವಾದ ಜಗಳ.

ಒಳ್ಳೆಯ ಸಮಾರ್ಯದವನ ಕಥೆ ನಮಗೆ ಭಾನುವಾರ ಶಾಲೆಯಿಂದ ಬಾಯಿಪಾಠ. ಬೈಬಲ್‌ನ ಲೂಕ ಹತ್ತನೇ ಅಧ್ಯಾಯ. ಯೆಹೂದ್ಯರ ಊರು ಯೆರೂಸಲೇಮಿನಿಂದ ಹೊರಟ ಒಬ್ಬನನ್ನು ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟು ಹೋಗಿರ್ತಾರೆ, ಅವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ, ಕತ್ತೆ ಮೇಲೆ ಕೂರಿಸಿ ಛತ್ರಕ್ಕೆ ಸೇರಿಸೋನು ಒಬ್ಬ ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕು ಬಳಕೆ ಇರಲಿಲ್ಲ, ನಮ್ಮ ಮೋರಿ ಜಗಳಕ್ಕಿಂತ ತುಂಬಾ ಹಳೆಯ ಜಗಳ ಅದು. ನಾವು ಯಾವಾಗಲೂ ಎಣ್ಣೆ, ದ್ರಾಕ್ಷಾರಸ, ಕತ್ತೆ ಇಷ್ಟರಲ್ಲೇ ನಿಲ್ಲಿಸುತ್ತೇವೆ. ನನಗೆ ಹಿಡಿಸೋದು ಮಾರನೇ ದಿನದ ಲೆಕ್ಕ. ಛತ್ರದವನ ಕೈಗೆ ಎರಡು ದಿನಾರಿ ಕೊಡ್ತಾನೆ, ಅಂದರೆ ಆಗಿನ ಎರಡು ದಿನದ ಕೂಲಿ. ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂತಾನೆ, ತನ್ನ ಕೆಲಸಕ್ಕೆ ತಾನು ಹೋಗ್ತಾನೆ. ಭಾಷಣ ಇಲ್ಲ, ಸಾಕ್ಷಿ ಇಲ್ಲ, ಗಾಯಾಳುವಿನ ಹೆಸರು ಕೂಡ ಕೇಳೋದಿಲ್ಲ. ಕೆಲಸ ಬಿಟ್ಟು ಸೇವೆಗೆ ಇಳಿದವನಲ್ಲ ಅವನು, ದಾರಿಯಲ್ಲಿ ಹೋಗ್ತಾ ಇದ್ದವನು.

ನಾವೋ? ಯಾರಾದರೂ ಕಷ್ಟ ಹೇಳಿಕೊಂಡರೆ "ಪ್ರಾರ್ಥಿಸ್ತೀವಿ ಅಣ್ಣಾ" ಅಂತ ಒತ್ತಿ ಮುಗಿಸ್ತೀವಿ. ಬೈಬಲ್‌ನಲ್ಲಿ ಯಾಕೋಬನು ತನ್ನ ಪತ್ರದಲ್ಲಿ ಇದನ್ನು ಆಗಲೇ ಬೈದಿದ್ದಾನೆ, ಹಸಿದವನಿಗೆ ಸಮಾಧಾನದಿಂದ ಹೋಗು, ಹೊಟ್ಟೆ ತುಂಬಿಸಿಕೋ ಅಂತ ಬರೀ ಮಾತು ಹೇಳಿದರೆ ಏನು ಪ್ರಯೋಜನ ಅಂತ. ಪ್ರಾರ್ಥನೆ ಬೇಡ ಅಂತಲ್ಲ, ದಯವಿಟ್ಟು ಕಾಮೆಂಟಲ್ಲಿ ಜಗಳಕ್ಕೆ ಬರಬೇಡಿ. ಆದರೆ ನಮ್ಮ ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ಮುಂದೆ ಹೋಗುವಾಗೆಲ್ಲ "ಇದು ನಮ್ಮ ಮಿಷನ್‌ನವರು 1910ರಲ್ಲಿ ಶುರು ಮಾಡಿದ್ದು" ಅಂತ ಎದೆ ಉಬ್ಬಿಸ್ತೀವಲ್ಲ, ಅದು ಯಾರದ್ದೋ ದುಡಿಮೆ. ನಮ್ಮ ಖಾತೆಗೆ ಯಾಕೆ ಬರೆದುಕೊಳ್ಳಬೇಕು?

ಆವತ್ತು ಅಜ್ಜಿ ಕ್ಯಾನ್ ನಾನೇ ಎತ್ತಿಕೊಂಡೆ. ದೊಡ್ಡ ಪ್ರೀತಿ ಉಕ್ಕಿ ಬಂದಿತ್ತು ಅಂದರೆ ಸುಳ್ಳು. ಅವರ ನೀರು ನನ್ನ ಕ್ಯಾನಲ್ಲಿತ್ತು, ನಾಚಿಕೆ ಆಯ್ತು ಅಷ್ಟೇ. ಮುಚ್ಚಳ ಸಡಿಲ, ಮನೆ ಮುಟ್ಟೋ ಹೊತ್ತಿಗೆ ಪ್ಯಾಂಟ್ ಒದ್ದೆ. ಅಜ್ಜಿ ಮಾತಾಡಲಿಲ್ಲ. ಆಮೇಲೆ ದಿನಾ ತುಂಬಿದ ಕ್ಯಾನನ್ನೇ ತರ್ತಾ ಬಂದೆ. ಎಂಟು ದಿನ ಆದಮೇಲೆ ಒಂದು ಬೆಳಗ್ಗೆ ಖಾಲಿ ಕ್ಯಾನ್ ನಮ್ಮ ಗೇಟಿನ ಹತ್ತಿರ ಇತ್ತು, ಮುಚ್ಚಳದ ಮೇಲೆ ಐದು ರೂಪಾಯಿ.

ಹೋದ ತಿಂಗಳು ನನಗೆ ಜ್ವರ. ಅಜ್ಜಿ ರಾಗಿ ಗಂಜಿ ಹಿಡಿದು ಬಾಗಿಲಿಗೆ ಬಂದರು.

"ಬೇಡ ಅಜ್ಜಿ, ನಿಮಗ್ಯಾಕೆ ತೊಂದರೆ" ಅಂದೆ. ಯೇಸು ಕಾಲು ತೊಳೆಯೋಕೆ ಬಂದಾಗ ನನ್ನ ಕಾಲು ತೊಳೀಬೇಡ ಅಂದ ಶಿಷ್ಯ ಪೇತ್ರನ ಹಾಗೆ.

"ನೀನು ನನ್ನ ನೀರು ಹೊರಬಹುದು, ನಾನು ಗಂಜಿ ತರಬಾರದಾ ನಾಯನಾ?"

ಉಪ್ಪು ಜಾಸ್ತಿ ಆಗಿತ್ತು. ಪೂರ್ತಿ ಕುಡಿದೆ. ಮೋರಿ ಇನ್ನೂ ಹಾಗೇ ಇದೆ.