ಡ್ರೈವರ್ ಮೇಲೆ ಒಂದು ಕಣ್ಣಿರಲಿ

ಮೊನ್ನೆ ಶನಿವಾರ ರಾತ್ರಿ ಒಂದು ಸಿನಿಮಾ ನೋಡಿದೆ. ದೊಡ್ಡ ಬಂಗಲೆ, ಒಂದು ಕೊಲೆ, ಆಸ್ತಿಗೆ ಬಾಯಿ ಬಿಟ್ಟುಕೊಂಡು ಕೂತ ನೆಂಟರು, ಬೇಕಾದಾಗೆಲ್ಲ ಕೈಕೊಡುವ ಕರೆಂಟು. ಆ ಜಾತಿಯದು. ಹೆಸರು ಹೇಳಲ್ಲ. ಹೇಳಿದರೆ ನನಗೂ ನಮ್ಮ ಭಾವನಿಗೂ ವ್ಯತ್ಯಾಸವೇ ಉಳಿಯೋದಿಲ್ಲ.

ಸಿನಿಮಾ ನೋಡಿದೆ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ನಾನು ನೋಡಿದ್ದು ಡ್ರೈವರನ್ನು. ಸಿನಿಮಾ ಅವನ ಅಕ್ಕಪಕ್ಕದಲ್ಲೆಲ್ಲೋ ನಡೆಯುತ್ತಿತ್ತು.

ಶುಕ್ರವಾರ ಸಂಜೆ ಭಾವ ಫೋನ್ ಮಾಡಿದ್ದರು. ಬೇರೆ ಏನೋ ಕೆಲಸಕ್ಕೆ. ಕೆಲಸದ ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ ನಾನೇ ಬಾಯಿ ತಪ್ಪಿ, "ನಾಳೆ ಆ ಸಿನಿಮಾ ನೋಡೋಣ ಅಂತಿದ್ದೀವಿ ಭಾವ" ಅಂದೆ.

"ಇನ್ನೂ ನೋಡಿಲ್ವಾ? ನೋಡಮ್ಮ, ನೋಡು. ನಾನು ಏನೂ ಹೇಳಲ್ಲ."

ಫೋನ್ ಇಡಬೇಕಾಗಿದ್ದು ಆಗಲೇ. ಇಡಲಿಲ್ಲ.

"ಸುಮ್ನೆ ಆ ಡ್ರೈವರ್ ಮೇಲೆ ಒಂದು ಕಣ್ಣಿರಲಿ, ಅಷ್ಟೇ."

ಭಾವನ 'ಏನೂ ಹೇಳಲ್ಲ' ನನಗೆ ಹೊಸದೇನಲ್ಲ. ಹಿಂದೊಮ್ಮೆ, "ಏನೂ ಹೇಳಲ್ಲ, ಒಂದು ಕರ್ಚೀಫ್ ಇಟ್ಟುಕೊಂಡು ಕೂತ್ಕೋ" ಅಂದಿದ್ದರು. ಸರಿ, ಯಾರೋ ಸಾಯ್ತಾರೆ ಅಂತಾಯ್ತು. ನನ್ನ ಮುಖ ನೋಡಿ ಸಮಾಧಾನ ಬೇರೆ: "ಹೀರೋಗೆ ಏನೂ ಆಗಲ್ಲ, ಗಾಬರಿಯಾಗಬೇಡ." ಉಳಿದವಳು ಹೀರೋಯಿನ್ ಒಬ್ಬಳೇ. ಇನ್ನೊಂದು ಸಲ, "ಮೊದಲ ಅರ್ಧ ಗಂಟೆ ತಲೆ ಕೆಡಿಸಿಕೊಳ್ಳಬೇಡ, ಅದೆಲ್ಲ ಕನಸು" ಅಂದುಬಿಟ್ಟರು. ಇದನ್ನೇ ಕಥೆ ಹೇಳೋದು ಅನ್ನೋದು ಭಾವ ಅಂದರೆ, "ಕಥೆ ಎಲ್ಲಿ ಹೇಳಿದೆ? ಕನಸು ಅಂತ ಮಾತ್ರ ಹೇಳಿದೆ" ಅಂತ ನನಗೇ ವಾಪಸ್.

ಇದರ ಜೊತೆಗೆ ಅವರಿಗೆ ನಟರ ಹೆಸರು ನೆನಪಿರೋದಿಲ್ಲ. ಅದೇನು ದೊಡ್ಡ ತಪ್ಪಲ್ಲ, ನನಗೂ ಇರೋದಿಲ್ಲ. ಆದರೆ ಅವರು ಗುರುತು ಹೇಳುವ ರೀತಿ ಇದೆಯಲ್ಲ. "ಅವನೇ ಅಮ್ಮ, ಆ ಇನ್ನೊಂದರಲ್ಲಿ ಪೊಲೀಸ್ ಆಗಿದ್ದನಲ್ಲ, ಕೊನೆಗೆ ಅವನೇ ಕಳ್ಳ ಅಂತ ಗೊತ್ತಾಗತ್ತಲ್ಲ, ಅವನು." ಆ ಇನ್ನೊಂದನ್ನು ನಾನು ನೋಡಿರೋದಿಲ್ಲ. ಇನ್ನು ನೋಡೋ ಹಾಗೂ ಇಲ್ಲ. ಒಂದು ಸಿನಿಮಾದ ವಿಳಾಸ ಹೇಳೋಕೆ ಹೋಗಿ ಇನ್ನೊಂದರ ಬಾಗಿಲು ಮುರಿದು ಬರುತ್ತಾರೆ.

ಡ್ರೈವರ್ ವಿಷಯಕ್ಕೆ ಬರೋಣ.

ಅವನು ಮೊದಲು ಕಾಣಿಸಿಕೊಂಡಿದ್ದು ಎಂಟನೇ ನಿಮಿಷಕ್ಕೆ. ಕಾರಿನ ಬಾಗಿಲು ತೆಗೆದ. ಯಜಮಾನರು ಇಳಿದರು. ಬಾಗಿಲು ಹಾಕಿದ. ನಾನು ನೆಟ್ಟಗೆ ಕೂತೆ. ಅವನು ಬಾಗಿಲು ಹಾಕಿದ ರೀತಿ ಸರಿಯಿರಲಿಲ್ಲ. ಯಾರು ಹಾಗೆ ಬಾಗಿಲು ಹಾಕ್ತಾರೆ, ಅಷ್ಟು ಮೆತ್ತಗೆ? ಮುಖದಲ್ಲಿ ನಗು ಇಲ್ಲ, ಸಿಟ್ಟೂ ಇಲ್ಲ. ಏನೂ ಇಲ್ಲ. ಏನೂ ಇಲ್ಲದಿದ್ದರೆ ಇಷ್ಟು ಏನೂ ಇಲ್ಲದ ಹಾಗೆ ಯಾಕಿರಬೇಕು ಅಂತ ನನಗೆ ಅನುಮಾನ.

ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೊವ್ ಅನ್ನೋ ನಿರ್ದೇಶಕ ಒಂದು ಪ್ರಯೋಗ ಮಾಡಿದ್ದ. ಒಬ್ಬ ನಟನ ಸುಮ್ಮನೆ ನೋಡುತ್ತಿರುವ ಮುಖ. ಅದರ ಜೊತೆಗೆ ಒಮ್ಮೆ ಸೂಪಿನ ಬಟ್ಟಲು ತೋರಿಸಿದ, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಂಗಸು. ಮುಖ ಮಾತ್ರ ಮೂರೂ ಸಲ ಒಂದೇ. ನೋಡಿದವರು ಆಹಾ ಎಂಥ ಹಸಿವು, ಎಂಥ ದುಃಖ, ಎಂಥ ಆಸೆ ಅಂತ ನಟನೆಯನ್ನು ಹೊಗಳಿದರಂತೆ. ಪಾಪ, ಕುಲೆಶೊವ್ ಅದಕ್ಕಾಗಿ ಫಿಲಂ ಕತ್ತರಿಸಿ ಅಂಟಿಸಬೇಕಾಯಿತು. ನಮ್ಮ ಭಾವನಿಗೆ ಒಂದು ಫೋನ್ ಕಾಲ್ ಸಾಕಾಯಿತು.

ಡ್ರೈವರ್ ಗೇಟಿನ ಹತ್ತಿರ ನಿಂತಿದ್ದ. ಹೊಂಚು ಹಾಕ್ತಿದ್ದಾನೆ ಅಂದುಕೊಂಡೆ. ಬೀಡಿ ಹಚ್ಚಿದ. ಬೆಂಕಿಪೊಟ್ಟಣ! ನೆನಪಿಟ್ಟುಕೊಂಡೆ, ಮುಂದೆ ಬರತ್ತೆ. ಬರಲಿಲ್ಲ. ಒಂದು ದೃಶ್ಯದಲ್ಲಿ ಸತ್ತವರ ಮಗಳು ಅಪ್ಪನ ಪತ್ರ ಓದಿಕೊಂಡು ಅಳುತ್ತಾಳೆ. ತುಂಬಾ ಚೆನ್ನಾಗಿ ಮಾಡಿದ್ದಾಳಂತೆ. ನನಗೆ ಗೊತ್ತಿಲ್ಲ. ಅವಳ ಹಿಂದಿನ ಕಿಟಕಿಯಲ್ಲಿ ಕಾರಿನ ಹಿಂದಿನ ಚಕ್ರ ಕಾಣಿಸುತ್ತಿತ್ತು, ನಾನು ಅದನ್ನು ನೋಡುತ್ತಿದ್ದೆ.

ಒಂದು ಕಡೆ ರಿಮೋಟ್ ಕಿತ್ತುಕೊಂಡು ಹಿಂದಕ್ಕೆ ಓಡಿಸಿದೆ.

"ಏನಾಯ್ತೇ?" ಅಂದರು ನನ್ನ ಗಂಡ.

"ಅವನು ಕೈ ಒರೆಸಿಕೊಂಡ."

"ಕಾರು ಒರೆಸಿದ ಮೇಲೆ ಕೈ ಒರೆಸಿಕೊಳ್ಳದೆ ಇನ್ನೇನು ಮಾಡ್ತಾನೆ?"

ಅವರಿಗೆ ಏನು ಗೊತ್ತು. ಅವರಿಗೆ ಭಾವ ಫೋನ್ ಮಾಡಿರಲಿಲ್ಲವಲ್ಲ.

ಎರಡು ಗಂಟೆ ಇಪ್ಪತ್ತು ನಿಮಿಷದ ಸಿನಿಮಾ. ಸೆಕೆಂಡಿಗೆ 24 ಚೌಕಟ್ಟಿನಂತೆ, ಅಂದರೆ 24 ಬಿಡಿ ಚಿತ್ರದಂತೆ, ಲೆಕ್ಕ ಹಾಕಿದರೆ ಎರಡು ಲಕ್ಷಕ್ಕೂ ಜಾಸ್ತಿ. ಅಷ್ಟೂ ಚೌಕಟ್ಟಿನಲ್ಲಿ ನಾನು ಹುಡುಕಿದ್ದು ಒಬ್ಬನನ್ನೇ. ಅವನಿಲ್ಲದ ದೃಶ್ಯದಲ್ಲಂತೂ ಇನ್ನೂ ಹೆಚ್ಚು ಭಯ. ಈಗ ಎಲ್ಲಿ ಹೋದ?

ಕೊನೆಗೆ ಕೊಲೆಗಾರ ಸಿಕ್ಕಿಬಿದ್ದ. ಎಲ್ಲರೂ ದಂಗಾದರು. ಹಿನ್ನೆಲೆ ಸಂಗೀತ ಭೋರ್ಗರೆಯಿತು. ನಾನು ಗಂಡನನ್ನು ಕೇಳಿದೆ, "ಇವರು ಯಾರು?"

"ಶುರುವಿನಿಂದಲೂ ಇದ್ದಾರಲ್ಲೇ!"

ಇದ್ದರಂತೆ. ಮೂರು ಹಾಡಿನಲ್ಲೂ ಇದ್ದರಂತೆ. ಡ್ರೈವರ್ ಕಟ್ಟಕಡೆಗೆ ಒಮ್ಮೆ ಬಂದ. ಕಾರಿನ ಬಾಗಿಲು ತೆಗೆದ. ಹಾಕಿದ. ಸಿನಿಮಾ ಮುಗಿಯಿತು.

ಭಾನುವಾರ ಬೆಳಗ್ಗೆ ಎದ್ದ ತಕ್ಷಣ ಫೋನ್ ಮಾಡಿದೆ.

"ಭಾವ, ಡ್ರೈವರ್ ಏನೂ ಮಾಡಲಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಿಜವಾದ ಆಶ್ಚರ್ಯದಲ್ಲಿ, "ಮಾಡ್ಲಿಲ್ವಾ?"

ಹಿಂದಿನಿಂದ ಅಕ್ಕ ನಗುವುದು ಕೇಳಿಸಿತು. ಫೋನ್ ಇಸಕೊಂಡಳು. "ಅರ್ಧ ಸಿನಿಮಾಕ್ಕೇ ಗೊರಕೆ ಶುರುವಾಗಿತ್ತು ಕಣೇ. ಹೆಸರುಗಳು ಮೇಲಕ್ಕೆ ಹೋಗುವಾಗ ಎದ್ದರು. ಎದ್ದು, 'ನಾನು ಆಗಲೇ ಅಂದುಕೊಂಡಿದ್ದೆ' ಅಂದರು."

"ಕಣ್ಣು ಮುಚ್ಚಿದ್ದೆ ಅಷ್ಟೇ, ಕೇಳಿಸಿಕೊಳ್ತಿದ್ದೆ" ಅಂತ ಭಾವನ ದನಿ. "ಏನೇ ಹೇಳು, ಕ್ಲೈಮ್ಯಾಕ್ಸ್ ವೀಕು. ಮೂರೂಕಾಲು ಕೊಟ್ಟಿದ್ದೀನಿ."

ಮೂರೂಕಾಲು! 1928ರಲ್ಲಿ ನ್ಯೂಯಾರ್ಕಿನ ಡೈಲಿ ನ್ಯೂಸ್ ಪತ್ರಿಕೆ ಸಿನಿಮಾಗಳಿಗೆ ನಕ್ಷತ್ರ ಕೊಡೋಕೆ ಶುರುಮಾಡಿದಾಗ ಲೆಕ್ಕ ಮೂರಕ್ಕೇ ಮುಗಿಯುತ್ತಿತ್ತು. ಈಗ ಐದು ಮಾಡಿ, ಆ ಐದನ್ನೂ ಅರ್ಧ ಕಾಲು ಅಂತ ಕತ್ತರಿಸಿದ್ದಾರೆ. ಆ ಕಾಲು ನಕ್ಷತ್ರ ಯಾವುದಕ್ಕೆ ಭಾವ? ದಿಂಬು ಮೆತ್ತಗಿತ್ತು ಅಂತಲಾ?

ಮಧ್ಯಾಹ್ನದ ಹೊತ್ತಿಗೆ ಅವರಿಂದ ಒಂದು ಲಿಂಕ್ ಬಂತು. ಕ್ಷಮಾಪಣೆ ಇರಬಹುದು ಅಂತ ತೆರೆದೆ. ಸಂಶೋಧನೆ! 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು ಜನರಿಗೆ ಸಣ್ಣಕಥೆಗಳನ್ನು ಓದೋಕೆ ಕೊಟ್ಟಿದ್ದರು. ಕೆಲವರಿಗೆ ಕೊನೆ ಏನು ಅಂತ ಮೊದಲೇ ತಿಳಿಸಿದ್ದರು. ಕೊನೆ ಗೊತ್ತಿದ್ದವರೇ ಕಥೆಯನ್ನು ಜಾಸ್ತಿ ಮೆಚ್ಚಿಕೊಂಡರು ಅಂತ ಫಲಿತಾಂಶ. ಕೆಳಗೆ ಭಾವನ ಒಂದು ಸಾಲು: "ನೋಡಿದ್ಯಾ?"

ನೋಡಿದೆ ಭಾವ. ಆದರೆ ಆ ವಿಜ್ಞಾನಿಗಳು ನಿಜವಾದ ಕೊನೆ ಹೇಳಿದ್ದರು. ನಿದ್ದೆಗಣ್ಣಲ್ಲಿ ಅಮಾಯಕ ಡ್ರೈವರನ್ನು ಹಿಡಿದುಕೊಟ್ಟಿರಲಿಲ್ಲ.

ಅಗಾಥಾ ಕ್ರಿಸ್ಟಿಯ 'ಮೌಸ್‌ಟ್ರ್ಯಾಪ್' ಅಂತ ಒಂದು ನಾಟಕವಿದೆ, 1952ರಲ್ಲಿ ಲಂಡನ್ನಿನಲ್ಲಿ ಶುರುವಾಗಿದ್ದು. ಆಟ ಮುಗಿದ ಮೇಲೆ ಕಲಾವಿದರು ಮುಂದೆ ಬಂದು, ಕೊಲೆಗಾರ ಯಾರು ಅಂತ ಹೊರಗೆ ಹೇಳಬೇಡಿ ಅಂತ ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ. 1960ರಲ್ಲಿ ನಿರ್ದೇಶಕ ಹಿಚ್‌ಕಾಕ್ ತನ್ನ 'ಸೈಕೋ' ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಪಟ್ಟು ಹಿಡಿದಿದ್ದ. ಎಷ್ಟು ಮುಂಜಾಗ್ರತೆ! ಆದರೆ ಇಬ್ಬರ ತಲೆಗೂ ಹೊಳೆಯದಿದ್ದುದು ಒಂದಿದೆ. ಒಳಗೆ ಬಂದು, ಟಿಕೆಟ್ ತೋರಿಸಿ, ಸರಿಯಾದ ಸೀಟಿನಲ್ಲೇ ಕೂತು ನಿದ್ದೆ ಮಾಡಿ, ಆಮೇಲೆ ಹೊರಗೆ ಹೋಗಿ ಹೇಳುವವರನ್ನು ಏನು ಮಾಡೋದು?

ನಾನೇನು ಸಾಚಾ ಅಂತಲ್ಲ. ಸಿನಿಮಾ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡಿರೋದು ಕಷ್ಟ. ಹೊಟ್ಟೆ ಉಬ್ಬರಿಸಿದ ಹಾಗಾಗತ್ತೆ. ಆದರೆ ಹೇಳೋಕೆ ಹೋದರೆ ನೆಮ್ಮದಿ ಇಲ್ಲ. "ಹೇಗಿತ್ತು?" ಅಂತ ಕೇಳ್ತಾರೆ. ಚೆನ್ನಾಗಿತ್ತು ಅಂದರೆ, "ನನಗೇನೋ ಅಷ್ಟು ಹಿಡಿಸಲಿಲ್ಲಪ್ಪ" ಅಂತಾರೆ. ಹಾಗಾದರೆ ನೋಡಿ ಬಂದೇ ಕೇಳಿದ್ದು! ಚೆನ್ನಾಗಿಲ್ಲ ಅಂದರೆ, ನಿನಗೆ ಅರ್ಥ ಆಗಿಲ್ಲ. ಹೀಗಾಗಿ ಎಲ್ಲರೂ 'ಪರವಾಗಿಲ್ಲ'ಕ್ಕೆ ಬಂದು ನಿಂತಿದ್ದೇವೆ. ವಿಮರ್ಶೆಗಳನ್ನೆಲ್ಲ ಒಟ್ಟುಹಾಕಿ ಅಂಕ ಕೊಡುವ ರಾಟನ್ ಟೊಮ್ಯಾಟೋಸ್ ಅನ್ನೋ ವೆಬ್‌ಸೈಟಿನಲ್ಲಿ ನೂರಕ್ಕೆ ಅರವತ್ತು ವಿಮರ್ಶಕರು ಒಪ್ಪಿದರೆ ಸಾಕು, ಸಿನಿಮಾ ತಾಜಾ ಟೊಮ್ಯಾಟೊ. ಎಷ್ಟು ಜನ ಒಪ್ಪಿದರು ಅನ್ನೋದೇ ಲೆಕ್ಕ, ಎಷ್ಟು ಮೆಚ್ಚಿದರು ಅನ್ನೋದಲ್ಲ. ಆ ಲೆಕ್ಕದಲ್ಲಿ ನಮ್ಮ ಮನೆಯವರೆಲ್ಲ ಸೇರಿ 'ಪರವಾಗಿಲ್ಲ' ಅಂದ ಸಿನಿಮಾಗಳೆಲ್ಲ ನೂರಕ್ಕೆ ನೂರು.

ನನ್ನ ಸಿಟ್ಟು ಡ್ರೈವರ್ ಒಬ್ಬನ ವಿಷಯಕ್ಕೇ ಅಲ್ಲ ಅಂತ ಆಮೇಲೆ ಅನ್ನಿಸಿತು.

ಕಥೆ ಮೊದಲೇ ಗೊತ್ತಾಗೋದು ನನಗೆ ಹಿಂದೆ ಬೇಜಾರಿನ ವಿಷಯವಾಗಿರಲೇ ಇಲ್ಲ. ಚಿಕ್ಕವಳಿದ್ದಾಗ ಸಿನಿಮಾಗೆ ಹೋಗುತ್ತಿದ್ದುದು ಅಕ್ಕ. ನಾನು ಮನೆಯಲ್ಲಿ. ರಾತ್ರಿ ದೀಪ ಆರಿಸಿದ ಮೇಲೆ ಅವಳು ಶುರುಮಾಡುತ್ತಿದ್ದಳು, ಹೆಸರು ತೋರಿಸುವಲ್ಲಿಂದ. ಹೊಡೆದಾಟದ ಸದ್ದೆಲ್ಲ ಬಾಯಲ್ಲೇ. ಹಾಡು ಬಂದರೆ ಪೂರ್ತಿ ಹಾಡು, ಅಮ್ಮ ಗದರಿದರೆ ಪಿಸುದನಿಯಲ್ಲಿ. ಒಂದು ಸಿನಿಮಾಕ್ಕೆ ಎರಡು ರಾತ್ರಿ ಬೇಕಾಗುತ್ತಿತ್ತು. ಅವಳು ನೋಡಿ ಬಂದಿದ್ದಕ್ಕಿಂತ ಉದ್ದ.

ಅದರಲ್ಲಿ ಒಂದು ಕಥೆ. ಹುಡುಗಿ ಬಸ್ ಸ್ಟಾಪಿನಲ್ಲಿ ನಿಂತಿದ್ದಾಳೆ. ಮಳೆ. ಕೈಯಲ್ಲಿ ಕೊಡೆ ಇದೆ, ಬಿಚ್ಚುತ್ತಿಲ್ಲ. ಯಾಕೆಂದರೆ ಅವನು ಕೊಡೆ ತರ್ತೀನಿ ಅಂದಿದ್ದಾನೆ, ಇವಳ ಕೈಯಲ್ಲಿ ಕೊಡೆ ನೋಡಿದರೆ ಬೇಜಾರು ಮಾಡಿಕೊಳ್ತಾನೆ. ಅವನು ಬರಲ್ಲ. ಅವಳು ಬಿಚ್ಚಲ್ಲ. ಅಕ್ಕ ಆ ಮಳೆಯನ್ನು ಅರ್ಧ ಗಂಟೆ ಸುರಿಸಿದ್ದಳು. ನಾನು ಹೊದಿಕೆಯೊಳಗೆ ಮುಖ ಹುದುಗಿಸಿಕೊಂಡು ಅತ್ತಿದ್ದೆ.

ಎಷ್ಟೋ ವರ್ಷದ ಮೇಲೆ ಆ ಸಿನಿಮಾ ಟಿವಿಯಲ್ಲಿ ಬಂತು. ಎಲ್ಲ ಕೆಲಸ ಬಿಟ್ಟು ಕೂತೆ. ಬಸ್ ಸ್ಟಾಪ್ ಬಂತು. ಚೆನ್ನಾಗಿ ಬಿಸಿಲಿತ್ತು. ಹುಡುಗಿ ನಾಲ್ಕೈದು ಸೆಕೆಂಡ್ ನಿಂತಳು, ಬಸ್ ಬಂತು, ಹತ್ತಿ ಹೋದಳು. ಸಿನಿಮಾದವರೇ ಏನೋ ಕತ್ತರಿಸಿ ಹಾಕಿದ್ದಾರೆ ಅಂತ ನನಗೆ ಕೋಪ ಬಂದಿತ್ತು.

ಈಗ ಅಕ್ಕನನ್ನು ಯಾವ ಸಿನಿಮಾ ಹೇಗಿತ್ತು ಅಂತ ಕೇಳಿದರೂ "ಚೆನ್ನಾಗಿತ್ತು" ಅಂತ ಒಂದೇ ಮಾತು. ಅವಳು ಬಾಯಿ ತೆಗೆಯೋ ಹೊತ್ತಿಗೆ ಪಕ್ಕದಿಂದ ಕೊನೆ ಬಂದುಬಿಟ್ಟಿರತ್ತೆ. ಕೊನೆ ಹೇಳಿಯಾದ ಮೇಲೆ ಮಳೆಗೆ ಜಾಗ ಎಲ್ಲಿ?

ಸಂಜೆ ಮತ್ತೆ ಫೋನ್ ಮಾಡಿದೆ. ಈ ಸಲ ಅಕ್ಕನಿಗೇ.

"ಅಕ್ಕ, ಆ ಬಸ್ ಸ್ಟಾಪಿನ ಮಳೆ ಎಲ್ಲಿತ್ತೇ? ಸಿನಿಮಾದಲ್ಲಿ ಇಲ್ಲವೇ ಇಲ್ಲ."

"ಇತ್ತಲ್ಲ! ಕೊಡೆ ಬಿಚ್ಚಲ್ಲ ಅವಳು. ನೀನು ಸರಿಯಾಗಿ ನೋಡಿಲ್ಲ."

ಹಿಂದಿನಿಂದ ಭಾವನ ದನಿ ಬಂತು. "ಯಾವುದು, ಆ ಹಳೇದಾ? ಅದರಲ್ಲಿ ಮಳೆನೇ ಇಲ್ಲ. ನಾನು ನೋಡಿದ್ದೀನಿ."

ಈ ಸಲ ಮಾತ್ರ ಅವರು ಹೇಳಿದ್ದು ಸರಿಯಾಗಿತ್ತು. ಅಕ್ಕ ಫೋನನ್ನು ಕಿವಿಯಿಂದ ತೆಗೆದು ಅವರ ಕಡೆ ತಿರುಗಿರಬೇಕು, ದನಿ ಸ್ವಲ್ಪ ದೂರವಾಯಿತು.

"ರೀ, ಆಗ ನೀವು ಮಲಗಿದ್ರಿ."