ಕಾರ್ಖಾನೆ ಹೋಯಿತು, ರಂಗಮಂದಿರ ಉಳಿಯಿತು

ಮಾಸ್ಕೋದ ಅವ್ತೊಜವೋದ್ಸ್ಕಯಾ ಮೆಟ್ರೊ ನಿಲ್ದಾಣದ ಹತ್ತಿರ ಝಿಲ್ ಅಂತ ಒಂದು ದೊಡ್ಡ ಕಾರ್ಖಾನೆ ಇತ್ತು. ಹಳ್ಳಿಗೆ ಹೋಗುವ ಲಾರಿ, ಕ್ರೆಮ್ಲಿನ್ ನಾಯಕರು ಓಡಾಡುವ ಉದ್ದನೆಯ ಕಪ್ಪು ಕಾರು, ಎರಡೂ ಇಲ್ಲಿಂದಲೇ ಬರುತ್ತಿದ್ದವು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಬೆಂಗಳೂರಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ ಬಿಡಿ. ಆದರೆ ಆ ಕಾರ್ಖಾನೆಯ ಕಾರ್ಮಿಕರಿಗೆಂದು ಕಟ್ಟಿದ ಸಂಸ್ಕೃತಿ ಭವನ ಇವತ್ತಿಗೂ ಗಿಜಿಗುಡುತ್ತಿದೆ. ಊರಿನವರ ಬಾಯಲ್ಲಿ ಅದು 'ದೆಕಾ ಝಿಲ್', ಅಂದರೆ ಝಿಲ್ ಸಂಸ್ಕೃತಿ ಭವನ.

ಇದನ್ನು ರೂಪಿಸಿದವರು ವೆಸ್ನಿನ್ ಸಹೋದರರು: ಲಿಯೊನಿದ್, ವಿಕ್ತೊರ್, ಅಲೆಕ್ಸಾಂದ್ರ್. ಕೆಲಸ ನಡೆದದ್ದು 1930ರಿಂದ 1937ರವರೆಗೆ. ಹಿರಿಯವರಾದ ಲಿಯೊನಿದ್ 1933ರಲ್ಲೇ ತೀರಿಕೊಂಡರು. ಕಟ್ಟಡದಲ್ಲಿ ಕೆತ್ತನೆಯಿಲ್ಲ, ಗೋಪುರವಿಲ್ಲ. ಸಾದಾ ಗೋಡೆ, ಅಡ್ಡಡ್ಡ ಸಾಗುವ ಉದ್ದನೆಯ ಕಿಟಕಿ, ತೆಳ್ಳನೆಯ ಕಂಬ, ಅರ್ಧವೃತ್ತದ ಗಾಜಿನ ಗೋಡೆಯೊಳಗೆ ಚಳಿಗಾಲದ ತೋಟ. ಮಾಡಿನ ಮೇಲೆ ನಕ್ಷತ್ರ ನೋಡಲು ಒಂದು ಗುಮ್ಮಟ! ಲಾರಿ ಜೋಡಿಸುವವನು ಸಂಜೆ ಬಂದು ಶನಿಗ್ರಹ ನೋಡಲಿ ಎಂಬ ಆಸೆ ಇರಬೇಕು. ಕಟ್ಟಿ ಮುಗಿಸುವ ಹೊತ್ತಿಗೆ ಸ್ಟಾಲಿನ್ ಸರ್ಕಾರದ ರುಚಿ ಬದಲಾಗಿತ್ತು. ದಪ್ಪ ಕಂಬ, ಹೂಬಳ್ಳಿ, ಅರಮನೆಯ ಠೀವಿ ಬೇಕಾಗಿತ್ತು. ಹಾಗಾಗಿ ಇಂಥ ಸರಳ ಕಟ್ಟಡಗಳ ಕಾಲ ಅಲ್ಲಿಗೆ ಮುಗಿಯಿತು. ನಕ್ಷೆಯಲ್ಲಿದ್ದ ದೊಡ್ಡ ರಂಗಮಂದಿರ ಮೇಲೇಳಲೇ ಇಲ್ಲ. ಚಿಕ್ಕದು ಅಂದುಕೊಂಡಿದ್ದ ರಂಗಮಂದಿರವೇ ಈಗ ಎಲ್ಲರಿಗೂ ದೊಡ್ಡದು.

ಇನ್ನೊಂದು ವಿಷಯ ಹೇಳದೆ ಹೋದರೆ ಮೋಸವಾಗುತ್ತದೆ. ಇದು ಖಾಲಿ ಜಾಗದಲ್ಲಿ ಎದ್ದಿದ್ದಲ್ಲ. 14ನೇ ಶತಮಾನದ ಸಿಮೊನೊವ್ ಮಠ ಅಲ್ಲಿತ್ತು. 1930ರ ಜನವರಿಯಲ್ಲಿ ಅದರ ಮುಖ್ಯ ಚರ್ಚನ್ನು ಸಿಡಿಮದ್ದಿಟ್ಟು ಉರುಳಿಸಿದರು. ಅಲ್ಲಿದ್ದ ಗೋರಿಗಳಲ್ಲಿ ಕೆಲವನ್ನು ಮಾತ್ರ ಬೇರೆಡೆಗೆ ಸಾಗಿಸಿದರು. ಮಠದ ಮೂರು ಬುರುಜು, ಗೋಡೆಯ ತುಂಡು ಪಕ್ಕದಲ್ಲೇ ಉಳಿದಿವೆ. ಸಂಸ್ಕೃತಿ ಭವನವನ್ನು ಮೆಚ್ಚುವವರು ಆ ಬುರುಜುಗಳನ್ನೂ ಒಂದು ಸುತ್ತು ಹಾಕಿ ಬರಬೇಕು ಅನ್ನುತ್ತೇನೆ ನಾನು.

ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಕೋಟು ಇಡುವ ಕೌಂಟರ್. ಕೋಟು ಕೊಟ್ಟು ನಂಬರ್ ಬಿಲ್ಲೆ ಇಸ್ಕೊಳ್ಳಬೇಕು. ಕಾಲರಿನ ಒಳಗೆ ತೂಗುಹಾಕುವ ದಾರ ಕಿತ್ತುಹೋಗಿದ್ದರೆ ಕೌಂಟರಿನ ಅಜ್ಜಿ ಬೈದೇ ಬೈಯುತ್ತಾರೆ. ಮಕ್ಕಳು ಹಿಮ ಮೆತ್ತಿದ ಬೂಟು ಬಿಚ್ಚಿ, ಚೀಲದಲ್ಲಿ ತಂದ ಚಪ್ಪಲಿ ಮೆಟ್ಟಿಕೊಂಡು ಡ್ಯಾನ್ಸ್ ಕ್ಲಾಸಿಗೆ ಓಡುತ್ತಾರೆ. ಅಜ್ಜಿಯರು ಬೆಂಚಿನಲ್ಲಿ ಹೆಣಿಗೆ ಹಿಡಿದು ಕಾಯುತ್ತಾರೆ. ಲೈಬ್ರರಿ ಇದೆ, ಉಪನ್ಯಾಸ ಇರುತ್ತದೆ, ನಾಟಕ ಇರುತ್ತದೆ. ಕೆಲವಕ್ಕೆ ದುಡ್ಡು, ಕೆಲವು ಪುಕ್ಕಟೆ. ಈಗ ಇದನ್ನು ನಡೆಸುವುದು ನಗರಾಡಳಿತ.

ನನಗೆ ಹೊಟ್ಟೆ ಉರಿಯುವುದು ಇದನ್ನು ಕಂಡೇ. ನಮ್ಮ ಬೆಂಗಳೂರಿನ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳಲ್ಲೂ ಕಾರ್ಮಿಕರ ಕನ್ನಡ ಸಂಘಗಳಿದ್ದವು. ಶಿಫ್ಟ್ ಮುಗಿಸಿ ನಾಟಕದ ತಾಲೀಮು, ರಾಜ್ಯೋತ್ಸವ, ಕವಿಗೋಷ್ಠಿ. ಮಾಸ್ಕೋದ ಹಾಗೆ ಕಮ್ಯುನಿಸ್ಟ್ ಪಕ್ಷ ಮೇಲಿನಿಂದ ಇಳಿಸಿದ್ದಲ್ಲ ಅದು. ಜನ ತಾವೇ ಚಂದಾ ಎತ್ತಿ, ಗೆಳೆಯರನ್ನು ಎಳೆದು ತಂದು ಕಟ್ಟಿದ್ದು. ಆ ಲೆಕ್ಕದಲ್ಲಿ ನಮ್ಮದೇ ಜಾಸ್ತಿ ಜೀವಂತ ಅಲ್ವಾ? ಆದರೆ ಅದು ಜನರನ್ನೇ ನೆಚ್ಚಿಕೊಂಡಿತ್ತು. ಅವರು ರಿಟೈರ್ ಆದರು, ಹೊಸಬರ ನೇಮಕ ಕಡಿಮೆಯಾಯಿತು. ಎಚ್‌ಎಂಟಿ ವಾಚಿನ ಕಾರ್ಖಾನೆಯೇ ಮುಚ್ಚಿತು. ವಾಚಿಗೆ ಒಂದು ಮ್ಯೂಸಿಯಂ ಆಯಿತು, ಸರಿ. ಆ ಸಂಜೆಯ ತಾಲೀಮಿಗೆ ಏನಾಯಿತು?

ನಮ್ಮಲ್ಲಿ ಸಭಾಂಗಣಗಳಿಗೆ ಬರವಿಲ್ಲ. ಆದರೆ ಹೆಚ್ಚಿನವು ಬಾಡಿಗೆಗೆ. ಹಾರ, ಶಾಲು, ಮುಖ್ಯ ಅತಿಥಿ, ಆಮೇಲೆ ಬೀಗ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಸುಮ್ನೆ ಒಳಗೆ ಹೋಗಿ ಕೂರುತ್ತೇನೆ ಅಂದರೆ ವಾಚ್‌ಮನ್ ಬಿಡುವುದಿಲ್ಲ. ಹಾಗಂತ ನಮ್ಮವರು ಕೈಕಟ್ಟಿ ಕೂತಿಲ್ಲ. ರವೀಂದ್ರ ಕಲಾಕ್ಷೇತ್ರದ ಬಾಗಿಲು ಮುಚ್ಚಿದ್ದರೂ ಮೆಟ್ಟಿಲ ಮೇಲೆ, ಕ್ಯಾಂಟೀನಿನಲ್ಲಿ, ಹಿಂದಿನ ಸಂಸ ಬಯಲು ರಂಗಮಂದಿರದಲ್ಲಿ ಮಾತು ನಡೆದೇ ಇರುತ್ತದೆ. ನಮ್ಮ ಹವೆ ಅದಕ್ಕೆ ಆಸ್ಪದ ಕೊಡುತ್ತದೆ. ಮಾಸ್ಕೋದ ಮೈನಸ್ ಇಪ್ಪತ್ತರಲ್ಲಿ ಮೆಟ್ಟಿಲ ಮೇಲೆ ಕೂತು ನಾಟಕದ ವಿಮರ್ಶೆ ಮಾಡಿ ನೋಡಿ! ಇಲ್ಲಿ ಬಾಗಿಲು ತೆರೆದಿಡದಿದ್ದರೆ ಜನ ಸೇರುವುದಕ್ಕೇ ಆಗುವುದಿಲ್ಲ.

ಮಾಸ್ಕೋದಲ್ಲೂ ಎಲ್ಲ ಚೆನ್ನಾಗಿಲ್ಲ. ಪುಕ್ಕಟೆ ಕ್ಲಾಸುಗಳಿಗೆ ಪೈಪೋಟಿ ಇದ್ದೇ ಇರುತ್ತದೆ. ಇದೇ ಕಾಲದ ಬೇರೆ ಕಟ್ಟಡಗಳು ಎಷ್ಟೋ ವರ್ಷ ಪಾಳುಬಿದ್ದಿದ್ದವು. ಕೆಲವು ನೆಲಸಮವಾದವು. ಝಿಲ್ ಉಳಿದದ್ದು ಅದರ ಚಂದಕ್ಕಾಗಿ ಅಂತ ನನಗೆ ಅನ್ನಿಸುವುದಿಲ್ಲ. ಪ್ರತಿದಿನ ಸಂಜೆ ಅಲ್ಲಿಗೆ ಹೋಗಲೇಬೇಕಾದ ಮಕ್ಕಳಿದ್ದಾರೆ, ಅವರ ಹಿಂದೆ ಬರುವ ಅಜ್ಜಿಯರಿದ್ದಾರೆ. ಅಂಥ ಬಾಗಿಲಿಗೆ ಬೀಗ ಹಾಕುವ ಅಧಿಕಾರಿ ಮೊದಲು ಆ ಅಜ್ಜಿಯರಿಗೆ ಉತ್ತರ ಹೇಳಬೇಕಾಗುತ್ತದೆ.