ಪ್ರಾಗ್‌ನಿಂದ ವಿಯೆನ್ನಾಕ್ಕೆ, ಸ್ನಾನ ಮಾಡಿಕೊಂಡು

ಪ್ರಾಗ್‌ನಿಂದ ವಿಯೆನ್ನಾಕ್ಕೆ ರೈಲಿನಲ್ಲಿ ಹೋದರೆ ಹೆಚ್ಚು ಕಡಿಮೆ ನಾಲ್ಕು ಗಂಟೆ. ಹತ್ತಿ ಕುಳಿತರೆ ಇಳಿಯುವವರೆಗೆ ಯಾರ ಗೊಡವೆಯೂ ಇಲ್ಲ. ಬುದ್ಧಿಯಿರುವವರು ಹೀಗೆಯೇ ಹೋಗುತ್ತಾರೆ. ನಮ್ಮ ಯಜಮಾನರಿಗೆ ಮಾತ್ರ ನೆಟ್ಟಗಿರುವ ದಾರಿ ಎಂದರೆ ಮೊದಲಿನಿಂದಲೂ ಆಗಿಬರುವುದಿಲ್ಲ. ‘ಚಾಲಕನ ಸಮೇತ ಖಾಸಗಿ ವಾಹನ ಗೊತ್ತು ಮಾಡಿದರೆ ದಾರಿಯಲ್ಲಿ ಎರಡು ಊರು ನೋಡಬಹುದು, ಅಪ್ಪನ ಮಂಡಿನೋವಿಗೂ ಆರಾಮ, ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ಕಡೆ ನಿಲ್ಲಿಸಿಕೊಳ್ಳಬಹುದು’ ಎಂದು ಮೂರು ಕಾರಣ ಕೊಟ್ಟರು. ಮೂರನೆಯದು ಎಷ್ಟು ಹೊತ್ತು ಬಾಳಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಬಾಡಿಗೆಯ ಮೊತ್ತವನ್ನು ಮಾವನವರಿಗೆ ಯಾರೂ ಹೇಳಲಿಲ್ಲ. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದವರು. ಯಾವ ಅಂಕಿ ಕೇಳಿದರೂ ಅದನ್ನು ರೂಪಾಯಿಗೆ ತಂದು, ಅಷ್ಟರಲ್ಲಿ ಎಷ್ಟು ಮೀಟರ್ ಚರಂಡಿ ಕಟ್ಟಬಹುದಿತ್ತು ಎಂದು ಹೇಳಬಲ್ಲವರು. ಕರಾರುಪತ್ರವನ್ನು ಮಾತ್ರ ಅವರ ಕೈಗೆ ಕೊಟ್ಟೆವು. ಅದನ್ನು ಟೆಂಡರ್ ದಾಖಲೆಯಂತೆ ಓದಿ, ಮುಖ್ಯವಾದುದಕ್ಕೆ ಗೆರೆ ಎಳೆದರು. ಚಾಲಕ ಪ್ರವಾಸಿ ಮಾರ್ಗದರ್ಶಿಯಲ್ಲ, ಊರಿನ ಚರಿತ್ರೆ ಹೇಳುವುದು ಅವನ ಕೆಲಸವಲ್ಲ. ವಾಹನದೊಳಗೆ ಊಟ ತಿಂಡಿ ನಿಷಿದ್ಧ. ಕುಟ್ನಾ ಹೋರಾದಲ್ಲಿ ಒಂದೂವರೆ ಗಂಟೆ, ಟೆಲ್ಚ್‌ನಲ್ಲಿ ಒಂದು ಗಂಟೆ ನಿಲುಗಡೆ. ಮೀರಿದ ಪ್ರತಿ ಅರ್ಧ ಗಂಟೆಗೂ ದುಡ್ಡು. ವಾಹನದ ತಾಂತ್ರಿಕ ಕಾರಣದಿಂದ ತಡವಾದರೆ ಮಾತ್ರ ಆ ದುಡ್ಡಿಲ್ಲ. ‘ಒಳ್ಳೆಯ ಕರಾರು, ಗುತ್ತಿಗೆದಾರನಿಗೆ ಎಲ್ಲೂ ನಷ್ಟವಿಲ್ಲ’ ಎಂದು ಮಾವ ಮೆಚ್ಚಿ ಮಡಿಸಿಟ್ಟರು.

ಬೆಳಗ್ಗೆ ಹೇಳಿದ ಹೊತ್ತಿಗಿಂತ ಮೊದಲೇ ಕಪ್ಪು ವ್ಯಾನು ಬಂದು ನಿಂತಿತ್ತು. ಪಕ್ಕದಲ್ಲಿ ಆರಡಿ ಮೀರಿದ ಆಳು, ಕಪ್ಪು ಕೋಟು, ಕೈಗಳೆರಡೂ ಮುಂದೆ ಕಟ್ಟಿಕೊಂಡಿದ್ದ. ಮುಖದಲ್ಲಿ ನಗು ಎಂಬುದು ಒಂದು ಗುಲಗಂಜಿಯಷ್ಟೂ ಇಲ್ಲ. ಅತ್ತೆ ನೋಡಿದವರೇ ಅವನಿಗೆ ‘ಸಾರಥಿ’ ಎಂದು ಹೆಸರಿಟ್ಟರು. ಆತ ನಮ್ಮ ಪೆಟ್ಟಿಗೆಗಳನ್ನು ಎಣಿಸಿ, ಎಣಿಕೆಗೆ ಸಿಗದ ಒಂದು ಚೀಲವನ್ನು ಬಹಳ ಹೊತ್ತು ನೋಡಿದ. ಅದರಲ್ಲಿ ಅಕ್ಕಿ, ಕುಕ್ಕರ್, ಅವಲಕ್ಕಿ, ಚಟ್ನಿಪುಡಿ ಇದ್ದವು. ಅದು ಸಾಮಾನಲ್ಲ, ಅತ್ತೆಯ ಅಂಗ ಎಂದು ಯಾರು ವಿವರಿಸಬೇಕು?

ಆಮೇಲೆ ಆತ ಹಿಂದಿನಿಂದ ಮಕ್ಕಳ ಆಸನವೊಂದನ್ನು ತಂದಿಟ್ಟ. ಚೆಕ್ ದೇಶದಲ್ಲಿ 150 ಸೆಂಟಿಮೀಟರ್ ಎತ್ತರ ಮತ್ತು 36 ಕಿಲೋ ತೂಕದ ಗಡಿ ದಾಟದ ಮಕ್ಕಳು ಅದರ ಮೇಲೆಯೇ ಕುಳಿತುಕೊಳ್ಳಬೇಕು. ಐದನೆಯ ತರಗತಿಯ ನಮ್ಮ ಮಗಳಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಡ. ‘ಅಜ್ಜಿಯೂ ನೂರೈವತ್ತು ಇಲ್ಲ, ಅವರಿಗೂ ಒಂದು ಹಾಕಲಿ’ ಎಂದು ಇಂಗ್ಲಿಷಿನಲ್ಲಿಯೇ ದೂರು ಕೊಟ್ಟಳು. ಸಾರಥಿ ಅದನ್ನು ತಮಾಷೆ ಎಂದು ತಿಳಿಯಲಿಲ್ಲ. ಅತ್ತೆಯನ್ನು ಮೇಲಿನಿಂದ ಕೆಳಗೆ ನೋಡಿ, ಅತ್ಯಂತ ವಿನಯದಿಂದ, ‘ತೂಕ?’ ಎಂದ. ಅತ್ತೆ ತಮ್ಮ ತೂಕವನ್ನು ಮೈಸೂರಿನ ಡಾಕ್ಟರಿಗೇ ಹೇಳಿದವರಲ್ಲ. ಸೆರಗು ಬಿಗಿಮಾಡಿಕೊಂಡು ಹತ್ತಿ ಕುಳಿತರು.

ಊರು ದಾಟಿ ಹೆದ್ದಾರಿ ಸೇರಿದ್ದೇ ತಡ, ಎರಡೂ ಕಡೆ ಹಳದಿಯೋ ಹಳದಿ. ಮೇ ತಿಂಗಳು, ಸಾಸಿವೆಯ ನೆಂಟನಾದ ರೇಪ್‌ಸೀಡ್ ಹೂ ಬಿಟ್ಟು ದಿಗಂತದವರೆಗೆ ಹಾಸಿತ್ತು. ಅತ್ತೆ ಅದನ್ನು ಹುಚ್ಚೆಳ್ಳು ಎಂದೇ ತೀರ್ಮಾನಿಸಿ, ‘ಇಲ್ಲೇ ನಿಲ್ಲಿಸಲು ಹೇಳು, ಒಂದು ಫೋಟೋ ಆಗಲಿ’ ಎಂದರು. ಯಜಮಾನರು ಹೆಮ್ಮೆಯಿಂದ ಸಾರಥಿಗೆ ಹೇಳಿದರು. ವಾಹನ ಕೆಟ್ಟು ನಿಂತರೆ ಹೊರತು ಆ ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸುವಂತೆಯೇ ಇಲ್ಲ, ದಂಡ ಬೀಳುತ್ತದೆ ಎಂದು ಆತ ಕನ್ನಡಿಯಲ್ಲಿ ನೋಡಿಯೇ ಹೇಳಿದ. ಆದರೆ ಗಿರಾಕಿಯ ಮಾತನ್ನು ತೆಗೆದುಹಾಕುವವನೂ ಅಲ್ಲ. ಕಿಲೋಮೀಟರುಗಟ್ಟಲೆ ಮುಂದೆ ಹೋಗಿ, ಪೆಟ್ರೋಲ್ ಬಂಕಿಗೆ ತಿರುಗಿಸಿ, ನಿಲ್ಲಿಸಿ, ಬಾಗಿಲು ತೆರೆದು, ಕೈಕಟ್ಟಿ ನಿಂತ. ಅಲ್ಲಿ ಹೊಲವೂ ಇಲ್ಲ, ಹೂವೂ ಇಲ್ಲ. ಹಳದಿಯಾಗಿದ್ದುದು ಪ್ಲಾಸ್ಟಿಕ್ ಕಸ ಹಾಕುವ ತೊಟ್ಟಿ ಮಾತ್ರ. ಆ ದೇಶದಲ್ಲಿ ಪ್ಲಾಸ್ಟಿಕ್ಕಿಗೆ ಹಳದಿ ತೊಟ್ಟಿ. ಇಳಿಸಿದ ಮೇಲೆ ತೆಗೆಯದೆ ಬಿಡುವುದು ಹೇಗೆ? ಅತ್ತೆ ಮಾವ ಆ ತೊಟ್ಟಿಯ ಪಕ್ಕ ನಿಂತಿರುವ ಚಿತ್ರ ಬಹಳ ಚೆನ್ನಾಗಿ ಬಂದಿದೆ.

ಅಸಲಿ ಕಥೆ ಶುರುವಾದದ್ದು ಕುಟ್ನಾ ಹೋರಾದಲ್ಲಿ. ಒಂದು ಕಾಲಕ್ಕೆ ಬೆಳ್ಳಿಯ ಗಣಿಗಳಿಂದ ಮೆರೆದ ಊರು. ಪಟ್ಟಣದ ಅಂಚಿನ ಸೆಡ್ಲೆಟ್ಸ್‌ನಲ್ಲಿ ಒಂದು ಪುಟ್ಟ ಚರ್ಚಿದೆ. ಯಜಮಾನರು ಅಮ್ಮನಿಗೆ ‘ಹಳೆಯ ಚರ್ಚು, ಒಳಗೆ ಅಲಂಕಾರ ವಿಶೇಷವಾಗಿದೆ’ ಎಂದಷ್ಟೇ ಹೇಳಿದ್ದರು. ಸುಳ್ಳೇನೂ ಅಲ್ಲ. ಮೆಟ್ಟಿಲಿಳಿದು ಒಳಗೆ ಹೋದರೆ ಕಮಾನುಗಳಿಂದ ಸಾಲುಸಾಲಾಗಿ ಮಾಲೆಗಳು ತೂಗಾಡುತ್ತಿದ್ದವು. ಮಂದ ಬೆಳಕು, ಅತ್ತೆಯದು ಕಣ್ಣಿನ ಪೊರೆ ತೆಗೆಸಬೇಕಾದ ಸ್ಥಿತಿ. ‘ಇದೇನೇ, ಇಷ್ಟೊಂದು ಕೊಬ್ಬರಿ ಗಿಟುಕು ಪೋಣಿಸಿದ್ದಾರೆ!’ ಎಂದು ಸಂತೋಷಪಟ್ಟು ಹತ್ತಿರ ಹೋದರು. ಗಿಟುಕಿಗೆ ಕಣ್ಣಿನ ಗೂಡು ಇತ್ತು.

ಅದು ಎಲುಬಿನ ಚರ್ಚು. 1278ರಲ್ಲಿ ಇಲ್ಲಿನ ಮಠದ ಮುಖ್ಯಸ್ಥರೊಬ್ಬರು ಜೆರುಸಲೇಮಿಗೆ ಹೋಗಿ, ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾದ ಹಿಡಿ ಮಣ್ಣು ತಂದು ಸ್ಮಶಾನದಲ್ಲಿ ಚೆಲ್ಲಿದರಂತೆ. ಅಂದಿನಿಂದ ಸುತ್ತಮುತ್ತಲಿನವರಿಗೆಲ್ಲ ಸತ್ತರೆ ಇಲ್ಲಿಯೇ ಮಣ್ಣಾಗಬೇಕೆಂಬ ಆಸೆ. ಪ್ಲೇಗು, ಯುದ್ಧ ಎಂದು ಹೆಣಗಳು ಬರುತ್ತಲೇ ಇದ್ದು ಜಾಗ ಸಾಲದೆ, ಎಲುಬುಗಳನ್ನು ತೆಗೆದು ಒಟ್ಟಿದರು. ಸುಮಾರು 40,000 ಜನರವು. 1870ರಲ್ಲಿ ಫ್ರಾಂಟಿಶೆಕ್ ರಿಂಟ್ ಎಂಬ ಮರಗೆಲಸದವನನ್ನು ಕರೆಸಿ ಇದಕ್ಕೊಂದು ರೂಪ ಕೊಡು ಎಂದಾಗ, ಆತ ಮನುಷ್ಯದೇಹದ ಪ್ರತಿಯೊಂದು ಬಗೆಯ ಮೂಳೆಯೂ ಇರುವಂತೆ ತೂಗುದೀಪ ಮಾಡಿದ, ಜಮೀನ್ದಾರರ ಲಾಂಛನ ಮಾಡಿದ, ಕೊನೆಗೆ ಗೋಡೆಯ ಮೇಲೆ ಮೂಳೆಯಲ್ಲಿಯೇ ತನ್ನ ಹೆಸರನ್ನೂ ಬರೆದ. ಮಾವ ಕೈಯಲ್ಲಿದ್ದ ಚೀಟಿಯಿಂದ ಇದನ್ನೆಲ್ಲ ಗಟ್ಟಿಯಾಗಿ ಓದಿ, ‘ನೋಡಮ್ಮ, ಕೆಲಸ ಮಾಡಿದವನ ಹೆಸರು ಹಾಕಿದ್ದಾರೆ. ನಮ್ಮಲ್ಲಿ ಗುದ್ದಲಿಪೂಜೆ ಮಾಡಿದವರ ಹೆಸರು ಮಾತ್ರ’ ಎಂದರು.

ಕೇಳಲು ಅತ್ತೆ ಅಲ್ಲಿರಲಿಲ್ಲ. ಓಡಿ ಹೊರಗೆ ಹೋಗಿದ್ದರು. ಹೊರಗೆ, ಚರ್ಚಿನ ಸುತ್ತಲೂ ಇರುವುದು ಸ್ಮಶಾನ. ಗೋರಿಗಳ ನಡುವೆ ಎಲ್ಲಿ ಕಾಲಿಡುವುದೆಂದು ತಿಳಿಯದೆ ನಿಂತಿದ್ದವರು ಮಗನನ್ನು ಕಂಡೊಡನೆ, ‘ಸ್ನಾನವಾಗದೆ ಗುಟುಕು ನೀರೂ ಮುಟ್ಟುವುದಿಲ್ಲ’ ಎಂದರು. ವಿಯೆನ್ನಾ ಇನ್ನೂ ನಾಲ್ಕೈದು ಗಂಟೆ ದೂರ. ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ.

ಯಜಮಾನರು ಸಾರಥಿಯ ಬಳಿ ಹೋಗಿ, ‘ನಮ್ಮ ತಾಯಿಗೆ ಸ್ನಾನ ಆಗಬೇಕು’ ಎಂದರು.

‘ಈಗಲೇ?’

‘ಈಗಲೇ.’

‘ವೈದ್ಯಕೀಯವೋ?’

‘ಧಾರ್ಮಿಕ.’

ಆತ ಹುಬ್ಬು ಕೂಡ ಏರಿಸಲಿಲ್ಲ. ಮೊಬೈಲ್ ತೆಗೆದು ಯಾರ ಜೊತೆಗೋ ಚೆಕ್ ಭಾಷೆಯಲ್ಲಿ ಮಾತಾಡಿ, ಬಾಗಿಲು ತೆರೆದ. ಊರಿನ ಹೆಮ್ಮೆಯಾದ ಸಂತ ಬಾರ್ಬರಾ ಚರ್ಚನ್ನು ಕಿಟಕಿಯಿಂದಲೇ ನೋಡಿದೆವು. 1388ರಲ್ಲಿ ಶುರುವಾದ ಕಟ್ಟಡ ಪೂರ್ತಿಯಾದದ್ದು 1905ರಲ್ಲಿ ಎಂದು ಚೀಟಿಯಲ್ಲಿತ್ತು. ಮಾವನವರ ಮುಖದಲ್ಲಿ ಅಂದು ಮೊದಲ ಬಾರಿಗೆ ನೆಮ್ಮದಿ ಕಂಡಿತು. ತಮ್ಮ ಅವಧಿಯ ಸೇತುವೆಯೊಂದರ ಬಗ್ಗೆ ಪತ್ರಿಕೆಗಳು ಬರೆದದ್ದೆಲ್ಲ ಅನ್ಯಾಯ ಎಂದು ಅವರಿಗೆ ಖಚಿತವಾಯಿತು.

ಯಿಹ್ಲಾವಾ ಪಟ್ಟಣದ ಬಳಿ ಡಿ-1 ಹೆದ್ದಾರಿಯ ಬದಿಯಲ್ಲಿ ಲಾರಿಗಳು ತಂಗುವ ದೊಡ್ಡ ಬಯಲು. ದಿನಗಟ್ಟಲೆ ಲಾರಿ ಓಡಿಸುವವರಿಗಾಗಿ ಅಲ್ಲಿ ಸ್ನಾನದ ಕೋಣೆಗಳಿರುತ್ತವೆ. ಕೌಂಟರಿನಲ್ಲಿ ದುಡ್ಡು ಕಟ್ಟಿದರೆ ಬೀಗದ ಕೈ. ಅತ್ತೆ ಮಡಿಸೀರೆ, ಚೊಂಬು ಹಿಡಿದು, ಪೋಲೆಂಡಿನ ಒಂದು ಲಾರಿ, ರೊಮೇನಿಯಾದ ಎರಡು ಲಾರಿಗಳ ನಡುವೆ ನಡೆದು ಬಂದರು. ನಾನು ಬಾಗಿಲಿನ ಹೊರಗೆ ಕಾವಲು ನಿಂತೆ. ನನ್ನ ಹಿಂದೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಇಬ್ಬರು ಭೀಮಕಾಯದವರು ಸರದಿಗೆ ನಿಂತರು.

ಒಳಗಿನ ನಲ್ಲಿ ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ನೀರು ಬಿಟ್ಟು ತಾನೇ ನಿಲ್ಲುವ ಜಾತಿಯದು. ಅತ್ತೆ ಗುಂಡಿ ಒತ್ತಿ, ‘ಗಂಗೇ ಚ ಯಮುನೇ ಚೈವ’ ಎಂದು ಏಳು ನದಿಗಳನ್ನು ಕರೆಯಲು ಶುರುಮಾಡುವರು. ಗೋದಾವರಿ, ಸರಸ್ವತಿ, ನರ್ಮದೆಯವರೆಗೆ ನೀರು ಧಾರಾಳ. ಸಿಂಧು ಬರುವಷ್ಟರಲ್ಲಿ ಸಣ್ಣದಾಗಿ, ಅಲ್ಲಿಗೆ ನಿಂತೇಹೋಗುವುದು. ಮತ್ತೆ ಒತ್ತು, ಮತ್ತೆ ಗಂಗೆಯಿಂದ. ಕೊನೆಗೆ ಬಾಗಿಲ ಸಂದಿಯಿಂದ ಕೂಗಿದರು: ‘ಏನು ಮಾಡಿದರೂ ಕಾವೇರಿ ಬರುತ್ತಿಲ್ಲ ಕಣೇ!’

ಕಾವೇರಿ ಬಾರದಿರುವುದಕ್ಕೆ ನಾನೇನು ಮಾಡಲಿ? ಅದಕ್ಕೆ ನ್ಯಾಯಮಂಡಳಿಯೇ ಬೇಕಾಯಿತು. ‘ಈ ಸಲ ಕಾವೇರಿಯಿಂದ ಶುರುಮಾಡಿ ಅತ್ತೆ’ ಎಂದೆ. ಮಾಡಿದರು. ಒದ್ದೆ ಕೂದಲು, ಹಣೆ ತುಂಬ ಕುಂಕುಮ, ಚೊಂಬಿನ ಸಮೇತ ಅವರು ಹೊರಬಂದಾಗ ಆ ಇಬ್ಬರು ಭೀಮಕಾಯರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಮೈ ತಗುಲಬಾರದೆಂದು ಅವರಿಗೆ ಹೇಳಿಕೊಟ್ಟವರಾರೋ!

ಹೊರಗೆ ಬಂದರೆ ಇನ್ನೊಂದು ಆಶ್ಚರ್ಯ. ಬೆಳಗಿನಿಂದ ತುಟಿ ಬಿಚ್ಚದ ಸಾರಥಿ ಮಾವನವರ ಜೊತೆ ಬೇಲಿಯ ಬಳಿ ನಿಂತು, ಕೈಯಾಡಿಸುತ್ತ ಮಾತಾಡುತ್ತಿದ್ದ. ಅರಮನೆ, ಚರ್ಚು ಅವನಿಗೆ ಬೇಡ. ರಸ್ತೆಯ ಮಾತೆತ್ತಿದರೆ ಸಾಕು. ಡಿ-1 ಚೆಕ್ ಚಾಲಕರೆಲ್ಲರ ಹಳೆಯ ಗಾಯವಂತೆ. 1939ರಲ್ಲಿ ಕೆಲಸ ಶುರುವಾಗಿ, ಯುದ್ಧದಲ್ಲಿ ನಿಂತು, 1967ರಲ್ಲಿ ಮತ್ತೆ ಹಿಡಿದು, ಪ್ರಾಗ್‌ನಿಂದ ಬರ್ನೊವರೆಗೆ ಪೂರ್ತಿಯಾದದ್ದು 1980ರಲ್ಲಿ. ಕಾಂಕ್ರೀಟ್ ಹಲಗೆಗಳು ಕೂಡುವ ಜಾಗದಲ್ಲಿ ಚಕ್ರ ಟಡಕ್ ಟಡಕ್ ಎಂದು ಸದ್ದು ಮಾಡುತ್ತಿದ್ದುದನ್ನು ಆತ ಬಾಯಲ್ಲಿ ಮಾಡಿ ತೋರಿಸಿದ. ಆಮೇಲೆ ದುರಸ್ತಿ ಎಂದು 2013ರಿಂದ 2021ರವರೆಗೆ ಮತ್ತೆ ಅಗೆದರು. ಮಾವ ಮಂಡಿನೋವು ಮರೆತು ಬಗ್ಗಿ, ರಸ್ತೆಯ ಜೋಡಣೆಯನ್ನು ನೋಡುವುದು ಹೇಗೆಂದು ಅವನಿಗೆ ವಿವರಿಸುತ್ತಿದ್ದರು. ಆತ ಎರಡು ಸಲ ನಕ್ಕದ್ದನ್ನು ನಾನೇ ಕಣ್ಣಾರೆ ಕಂಡೆ.

ಟೆಲ್ಚ್ ಬಗ್ಗೆ ಹೆಚ್ಚು ಹೇಳಲಾರೆ. 1992ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಚೌಕ, ಸಾಲುಮನೆಗಳು, ಕಮಾನಿನ ಮೊಗಸಾಲೆಗಳು, ಸುತ್ತಲೂ ಕೆರೆ. ಯಜಮಾನರು ಚೌಕದ ಈ ತುದಿಯಿಂದ ಆ ತುದಿಗೆ ಓಡುತ್ತ ಚಿತ್ರ ತೆಗೆದದ್ದರಿಂದ ಎಲ್ಲ ಮನೆಗಳೂ ಸ್ವಲ್ಪ ವಾಲಿವೆ.

ಸ್ನಾನವಾದ ಮೇಲೆ ಊಟ ತಾನೆ? ವ್ಯಾನು ಹೊರಟೊಡನೆ ಅತ್ತೆ ಗೊಜ್ಜವಲಕ್ಕಿಯ ಡಬ್ಬಿ ತೆರೆದರು. ಒಳಗೆ ತಿನ್ನಬಾರದು ಎಂದು ನೆನಪಿಸಿದೆ. ‘ಊಟ ಮಾಡಬಾರದು ಎಂದಿರಬಹುದು, ಅವಲಕ್ಕಿ ಫಲಾಹಾರ’ ಎಂದರು. ಈ ವಾದಕ್ಕೆ ಮಾವನವರ ಕರಾರುಪತ್ರದಲ್ಲಿಯೂ ಉತ್ತರವಿರಲಿಲ್ಲ. ಮೇಲೆ ಚಟ್ನಿಪುಡಿ ಉದುರಿಸಲು ಬಾಟಲಿ ತೆರೆದ ಗಳಿಗೆಯಲ್ಲೇ ಮುಂದೆ ಟ್ರ್ಯಾಕ್ಟರ್ ಬಂದು ಬ್ರೇಕು ಬಿತ್ತು. ಬೆಣ್ಣೆ ಬಣ್ಣದ ಚರ್ಮದ ಸೀಟಿನ ತುಂಬ ಕೆಂಪು. ಸೆರಗಿನಿಂದ ಒರೆಸಿದ್ದು ಒರೆಸಿದಷ್ಟೂ ಹೊಲಿಗೆಯ ಸಾಲಿಗೆ ಇಳಿಯಿತು. ಅತ್ತೆ ಬಳೆಯಿಂದ ಪಿನ್ನು ಬಿಚ್ಚಿ, ಒಂದೊಂದು ಹೊಲಿಗೆಯ ತೂತಿನಿಂದಲೂ ಪುಡಿಯನ್ನು ಮೀಟಿ ತೆಗೆದು ಅಂಗೈಗೆ ಹಾಕಿಕೊಳ್ಳತೊಡಗಿದರು. ಮಗಳು ಮೊಬೈಲಿನ ಟಾರ್ಚು ಹಿಡಿದಳು.

ನಮ್ಮ ಮನೆಯ ಚಟ್ನಿಪುಡಿಗೆ ಇಂಗು ಸ್ವಲ್ಪ ಮುಂದು. ಸಾರಥಿ ಒಮ್ಮೆ ಮೂಗೆಳೆದ. ಕಿಟಕಿ ಬೆರಳಷ್ಟು ಇಳಿಸಿದ. ಫಲಕದ ಮೇಲಿನ ದೀಪಗಳನ್ನೆಲ್ಲ ನೋಡಿದ. ಆಮೇಲೆ ಒಂದು ಬಸ್ ತಂಗುದಾಣದಲ್ಲಿ ನಿಲ್ಲಿಸಿ, ಕೋಟು ಬಿಚ್ಚಿಟ್ಟು, ಬಾನೆಟ್ ಎತ್ತಿದ. ವಿಷಯ ತಿಳಿಸಿ ಬರುತ್ತೇನೆಂದು ಇಳಿದ ಮಾವ ಅಲ್ಲೇ ತಲೆ ಬಗ್ಗಿಸಿ ನಿಂತುಬಿಟ್ಟರು. ಆತ ಬೆಲ್ಟು ತೋರಿಸಿದ, ಇವರು ತಲೆಯಾಡಿಸಿದರು. ಇವರು ಒಂದು ಕೊಳವೆ ತೋರಿಸಿದರು, ಆತ ಅದನ್ನು ಮೂಸಿದ. ಹಿಂತಿರುಗಿ ಬಂದ ಮಾವ, ‘ಎಷ್ಟು ಶ್ರದ್ಧೆಯಿಂದ ವಿವರಿಸುತ್ತಿದ್ದ, ಮಧ್ಯೆ ಬಾಯಿ ಹಾಕಲು ಮನಸ್ಸು ಬರಲಿಲ್ಲ’ ಎಂದರು.

ಗಡಿ ಯಾವಾಗ ದಾಟಿತೋ ತಿಳಿಯಲಿಲ್ಲ. ಪಾಸ್‌ಪೋರ್ಟು ಕೈಯಲ್ಲಿ ಹಿಡಿದು ತಲೆ ಬಾಚಿಕೊಂಡು ಕುಳಿತಿದ್ದ ಅತ್ತೆಯನ್ನು ಒಬ್ಬರೂ ಕೇಳಲಿಲ್ಲ. ‘ಟೋಲ್ ಗೇಟಿನಲ್ಲಾದರೂ ಕೈ ಅಡ್ಡ ಹಾಕುತ್ತಾರಲ್ಲ’ ಎಂದು ಸ್ವಲ್ಪ ಹೊತ್ತು ಮುನಿಸಿಕೊಂಡಿದ್ದರು.

ವಿಯೆನ್ನಾದ ಹೋಟೆಲ್ ಮುಂದೆ ಸಾರಥಿ ಸಾಮಾನಿಳಿಸಿ, ಎಣಿಕೆಗೆ ಸಿಗದ ಚೀಲವನ್ನೂ ಇಳಿಸಿ, ಒಂದು ನಮೂನೆ ತೆಗೆದ. ತಡವಾದದ್ದಕ್ಕೆ ಕಾರಣ ಎಂಬಲ್ಲಿ ಎರಡು ಚೌಕ: ಗಿರಾಕಿಯ ಕೋರಿಕೆ, ತಾಂತ್ರಿಕ. ಆತ ಅನುಮಾನವಿಲ್ಲದೆ ತಾಂತ್ರಿಕಕ್ಕೆ ಗುರುತು ಹಾಕಿ, ಕೆಳಗೆ ‘ಒಳಗೆ ಅಸಹಜ ವಾಸನೆ, ವರ್ಕ್‌ಶಾಪಿಗೆ ಕಳುಹಿಸಬೇಕು’ ಎಂದು ಬರೆದ. ಮಗಳಿಗೆ ತಡೆಯಲಾಗಲಿಲ್ಲ. ‘ಅದು ಎಂಜಿನ್ ಅಲ್ಲ, ಅಜ್ಜಿಯ ಚಟ್ನಿಪುಡಿ’ ಎಂದು ಬಾಟಲಿಯನ್ನೇ ಮುಂದೆ ಹಿಡಿದಳು. ಬೆಳಗಿನ ಆಸನದ ಸೇಡು ಹೀಗೆ ತೀರಿತು. ಆತ ಮುಚ್ಚಳ ತೆಗೆದು ಮೂಸಿ, ಕಣ್ಣು ಮುಚ್ಚಿ, ತೆರೆದು, ಮುಚ್ಚಳವನ್ನು ಮೊದಲಿಗಿಂತ ಬಿಗಿಯಾಗಿ ತಿರುಗಿಸಿ ಅತ್ತೆಯ ಕೈಗೆ ಕೊಟ್ಟ. ವರ್ಕ್‌ಶಾಪಿನ ಸಾಲನ್ನು ನೀಟಾಗಿ ಹೊಡೆದುಹಾಕಿದ. ತಾಂತ್ರಿಕ ಎಂಬ ಗುರುತನ್ನು ಮಾತ್ರ ಮುಟ್ಟಲಿಲ್ಲ. ಎಲುಬು, ಸ್ನಾನ, ಸಪ್ತನದಿ, ಇಂಗು ಎಲ್ಲವೂ ಆ ಒಂದೇ ಚೌಕದೊಳಗೆ ಸೇರಿಕೊಂಡವು. ಹೆಚ್ಚಿನ ದುಡ್ಡು ಒಂದು ಪೈಸೆಯೂ ಇಲ್ಲ.

ಮಾವ ಆ ನಮೂನೆಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ‘ಸರ್ವೀಸಿನ ಉದ್ದಕ್ಕೂ ವಿಳಂಬಕ್ಕೆ ಕಾರಣ ಬರೆದೆ. ಅನಿವಾರ್ಯ ಕಾರಣಗಳಿಂದ ಎನ್ನುವುದನ್ನು ಬಿಟ್ಟು ಬೇರೇನೂ ಹೊಳೆಯಲಿಲ್ಲವಲ್ಲ’ ಎಂದು ಹಲುಬಿ, ಮಗನ ಮೊಬೈಲಿನಲ್ಲಿ ಅದರದೊಂದು ಫೋಟೋ ತೆಗೆಸಿಕೊಂಡರು.